ದೀಪವಿಲ್ಲದ ಲಕಡಿಪೇಟ

ಸಕಲ ಓದುಗ ಮಹಾಶಯರು ಸಾಧ್ಯವಾದರೆ ಎದ್ದು ನಿಂತು ಕೇಳಬೇಕಾದ ಪ್ರಕಟಣೆ ಏನೆಂದರೆ: ಇದೇ ಬುಧವಾರ ಮಧ್ಯಾಹ್ನ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ, ಕಮಲಾಪುರದಿಂದ ಆರು ಮೈಲಿ ಒಳಗೆ, ಜೇವರ್ಗಿ ಕಾಲೋನಿಯ ಪತ್ತೇದಾರಿಣಿ ಸನೋಬರ್ ಅವರ ಎಡಗಾಲಿನ ಚಪ್ಪಲಿಯ ಉಂಗುಟ ಕಿತ್ತುಹೋಯಿತು. ಮೃತ ಚಪ್ಪಲಿಗೆ ಮೂರು ವರ್ಷ ವಯಸ್ಸಾಗಿತ್ತು. ಅದು ಬಲಗಾಲಿನ ಒಬ್ಬಳೇ ಜೊತೆಗಾತಿಯನ್ನು ಅಗಲಿದೆ.

ನಗಬೇಡಿ. ದೊಡ್ಡವರ ಕಿರೀಟ ಬಿದ್ದಾಗ ಸಿಗದ ಸುಳಿವು ಕೆಲವು ಸಲ ಚಪ್ಪಲಿ ಕಿತ್ತಾಗ ಸಿಗುತ್ತದೆ.

ಸನೋಬರ್ ಚಪ್ಪಲಿ ಕೈಯಲ್ಲಿ ಹಿಡಿದು ಕೆಂಪು ನೆಲದ ಮೇಲೆ ಎಡಗಾಲು ಬರಿದಾಗಿ ನಿಂತರು. ಎದುರಿಗೆ ಮೂವತ್ತು ಎಕರೆ ಬಯಲು. ಒಂದು ಬೇವಿನ ಮರ. ಮರದ ಕೆಳಗೆ ಒಂದು ಬಿಳಿ ಕಾರು; ಒಳಗೆ ಯಾರೂ ಕಾಣುವುದಿಲ್ಲ, ಗಾಜು ಕಪ್ಪು, ಆದರೂ ಎಂಜಿನ್ನು ನಿದ್ದೆಯಲ್ಲಿ ಗೊರಕೆ ಹೊಡೆಯುತ್ತಿತ್ತು. ಆಚೆ ತಗಡಿನ ಶೆಡ್ಡು. ಅದರ ಮೇಲೆ ಬೋರ್ಡು: ‘ಟೀಕ್ ಹೆರಿಟೇಜ್ ಗಾರ್ಡನ್’. ಅಲ್ಲಿ ಟೀಕೂ ಇರಲಿಲ್ಲ, ಗಾರ್ಡನ್ನೂ ಇರಲಿಲ್ಲ. ಹೆರಿಟೇಜ್ ಇತ್ತೋ ಇಲ್ಲವೋ ಎನ್ನುವುದೇ ಇವತ್ತಿನ ಜಗಳ.

ಲೇಔಟಿನ ಮಾಲೀಕ ಅಮರನಾಥ ಹೇಳುವುದು: ಇಲ್ಲಿ ಊರೇ ಇರಲಿಲ್ಲ.

ಎಂಬತ್ನಾಲ್ಕು ವರ್ಷದ ಸಾಬಮ್ಮ ಹೇಳುವುದು: ನಾನು ಹುಟ್ಟಿದ್ದೇ ಇಲ್ಲಿ.

ಹೊತ್ತು ಮುಳುಗುವುದರೊಳಗೆ ಕಂದಾಯ ಇಲಾಖೆಯ ಗಿರ್ದಾವರ ರಾಮಣ್ಣ ಜಾಗ ನೋಡಿ ಪಂಚನಾಮೆ ಬರೆಯಬೇಕು. ‘ಇಲ್ಲಿ ಮನೆಗಳಿದ್ದವು’ ಎಂದು ಬರೆದರೆ ಸಾಬಮ್ಮನಿಗೆ ಅಪ್ಪನ ಮನೆಯ ಜಾಗ ಉಳಿಯುತ್ತದೆ. ‘ಇರಲಿಲ್ಲ’ ಎಂದು ಬರೆದರೆ, ಇಲ್ಲವೇ ಸಹಿಯಾಗದೆ ಹೊತ್ತು ಮುಳುಗಿದರೆ, ನಾಳೆ ಬೆಳಿಗ್ಗೆ ಜೆಸಿಬಿ.

ಹೋದ ವಾರ ಸನೋಬರ್ ಕೈಗೆ ಸಿಕ್ಕ ನಿಜಾಮರ ಕಾಲದ ಉರ್ದು ಕಂದಾಯ ಕಾಗದದ ಆ ಒಂದು ಸಾಲು ನಿಮಗೆ ನೆನಪಿರಬೇಕು: “ಸಂಜೆ ಗುಡ್ಡದ ಮೇಲಿಂದ ನೋಡಲಾಯಿತು. ಒಂದು ದೀಪವೂ ಕಾಣಲಿಲ್ಲ. ಊರು ಬೇಚಿರಾಗ್.” ಅಂದರೆ ದೀಪ ಹಚ್ಚುವವರಿಲ್ಲದ ಊರು, ಜನವಸತಿ ಇಲ್ಲದ್ದು. ಆ ಸಾಲು ಅಮರನಾಥನಿಗೆ ಹಬ್ಬ, ಸಾಬಮ್ಮನಿಗೆ ಸೂತಕ.

ಸದ್ಯ ರಾಮಣ್ಣ ಮಡಿಚುವ ಕುರ್ಚಿಯ ಮೇಲೆ ಕೂತು, ಅಮರನಾಥ ಕೊಟ್ಟ ಕಮಲಾಪುರದ ಕೆಂಪು ಬಾಳೆಹಣ್ಣು ಸುಲಿಯುತ್ತಿದ್ದರು. ಅಮರನಾಥ ನಿಂತೇ ಇದ್ದ. ಬಿಳಿ ಶರ್ಟು, ಬಿಳಿ ಪ್ಯಾಂಟು, ಮೊಣಕಾಲಿನ ಹತ್ತಿರ ಮಾತ್ರ ಅರಿಸಿನದ ಹಾಗೆ ಹಳದಿ ಧೂಳು.

“ಮೇಡಂ, ಚಪ್ಪಲಿ ಹರೀತೇನ್ರಿ?” ಎಂದ ಅಮರನಾಥ. “ನಮ್ಮ ಲೇಔಟಿನಾಗ ಮುಂದ ಒಂದು ಚಪ್ಪಲಿ ಅಂಗಡಿ ಬರ್ತದ.”

“ಮೊದಲ ಊರು ಬರ್ಲಿ ಬಿಡ್ರಿ, ಆಮ್ಯಾಲ ಅಂಗಡಿ” ಎಂದರು ಸನೋಬರ್. “ಊರೇ ಇರಲಿಲ್ಲಂದ್ರ ಬೋರ್ಡಿನ ಮ್ಯಾಲ ಹೆರಿಟೇಜ್ ಯಾರದ್ರಿ?”

“ಅದು ಇಂಗ್ಲಿಷ್ ಮೇಡಂ. ಅದಕ್ಕ ಅರ್ಥ ಇರಂಗಿಲ್ಲ.”

ರಾಮಣ್ಣ ಹಣ್ಣು ನುಂಗುತ್ತಲೇ ನಕ್ಕರು.

ಬಿಸಿಲು ನೆಲದ ಮೇಲೆ ನೀರಿನಂತೆ ಆಡುತ್ತಿತ್ತು. ಆ ನೀರಿನಲ್ಲಿ ಕಣ್ಣು ಕಿರಿದು ಮಾಡಿ ನೋಡಿದರೆ ತನ್ನ ಊರು ಲಕಡಿಪೇಟ ಕಾಣುತ್ತದೆ ಎನ್ನುತ್ತಾಳೆ ಸಾಬಮ್ಮ. ಆಕೆಗೆ ಕಣ್ಣು ಕಿರಿದು ಮಾಡುವುದೇ ಬೇಕಿಲ್ಲ, ಮುಚ್ಚಿದರೆ ಸಾಕು.

ಒಂದು ಕಾಲಕ್ಕೆ ಗುಡ್ಡದ ತುಂಬ ಸಾಗವಾನಿ. ಗುತ್ತೇದಾರ ಬಂದ, ಕೊಡಲಿ ಬಂತು, ಕೊಡಲಿ ಹಿಂದೆ ಜನ ಬಂದರು. ಸಾಲಿಗೆ ಹನ್ನೊಂದು ಗುಡಿಸಲು, ನಾಲ್ಕು ಸಾಲು. ಸಾಲಿಗೊಂದು ಕುಣಿ. ಕುಣಿಯೆಂದರೆ ಆಳುದ್ದದ ತಗ್ಗು. ಅದರ ಮೇಲೆ ಅಡ್ಡಲಾಗಿ ದಿಮ್ಮಿ ಇಟ್ಟು, ಒಬ್ಬ ದಿಮ್ಮಿಯ ಮೇಲೆ ನಿಂತು, ಇನ್ನೊಬ್ಬ ಕುಣಿಯೊಳಗೆ ನಿಂತು, ಉದ್ದ ಗರಗಸವನ್ನು ಮೇಲೆ ಕೆಳಗೆ ಎಳೆಯುತ್ತಿದ್ದರು. ಸೊರ್ ಅಂದರೆ ಮೇಲಿನವನದು, ಬರ್ ಅಂದರೆ ಕೆಳಗಿನವನದು. ಇಡೀ ಊರು ಹಗಲೆಲ್ಲ ಒಂದೇ ಉಸಿರು ಎಳೆದು ಬಿಡುತ್ತಿತ್ತು. ಗಾಳಿಯಲ್ಲಿ ಮರದ ಹೊಟ್ಟು ಬಂಗಾರದ ಮಂಜಿನಂತೆ ತೇಲುತ್ತಿತ್ತು. ಕೋಳಿಗಳೂ ಹಳದಿ, ಕೂಸುಗಳೂ ಹಳದಿ, ಕನಸೂ ಹಳದಿ.

ಮೇಲೆ ನಿಲ್ಲುತ್ತಿದ್ದವನು ನಬಿಸಾಬನ ಅಪ್ಪ. ಕೆಳಗೆ ನಿಲ್ಲುತ್ತಿದ್ದವನು ಸಾಬಮ್ಮನ ಅಪ್ಪ. ಕೆಳಗಿನ ಕೆಲಸ ಯಾವಾಗಲೂ ಸಾಬಮ್ಮನ ಓಣಿಯವರಿಗೇ. ಮೇಲಿನವರಿಗೆ ಮರ, ಕೆಳಗಿನವರಿಗೆ ಹೊಟ್ಟು. ಹೊಟ್ಟೆಪಾಡು ಅನ್ನುವ ಮಾತಿಗೆ ಅಲ್ಲಿ ಒಂದು ಒತ್ತು ಜಾಸ್ತಿಯೇ ಬೀಳುತ್ತಿತ್ತು.

ಕಲಬುರಗಿಯ ನೆಹರು ಗಂಜ್ ಮಂಡಿಯಲ್ಲಿ ತೊಗರಿ ಚೀಲಗಳಿಗೆ ಬೆನ್ನು ಕೊಟ್ಟು ನಿಂತ ಹಳೇ ಕಂಬಗಳಲ್ಲಿ ಎಷ್ಟೋ ಇಲ್ಲಿಂದ ಬಂಡಿಯಲ್ಲಿ ಹೋದವು. ಆಮೇಲೆ ಗುಡ್ಡ ಬೋಳಾಯಿತು. ನಿಜಾಮರ ಆಳ್ವಿಕೆ ಮುಗಿಸಿದ ಪೊಲೀಸ್ ಆ್ಯಕ್ಷನ್ ಆದ ಮೇಲಿನ ಎರಡನೇ ಬೇಸಿಗೆಗೆ ಗುತ್ತೇದಾರ ಗಂಟು ಕಟ್ಟಿದ. ಜನ ಬಾಗಿಲಿನ ಚೌಕಟ್ಟು ಕಿತ್ತು ತಲೆ ಮೇಲೆ ಹೊತ್ತು ನಡೆದರು. ಮರ ಮರೆಯಾಯಿತು, ಊರು ಮರೆತುಹೋಯಿತು. ಕಡಿದವರು ಹೋದರು, ಕಡತ ಉಳಿಯಿತು.

“ಇನ್ನೊಮ್ಮೆ ಕೇಳ್ತೀನಿ ಮುತ್ಯಾ” ಎಂದು ರಾಮಣ್ಣ ಸಿಪ್ಪೆ ಎಸೆದು ಪೆನ್ನು ತೆಗೆದರು. “ಸಂಜಿಗಿ ಊರಾಗ ದೀಪಾ ಹಚ್ತಿದ್ರೇನು?”

ಎಂಬತ್ತಾರರ ನಬಿಸಾಬ್ ಟೋಪಿ ಸರಿಮಾಡಿಕೊಂಡ. ಸಾಬಮ್ಮನ ಕಡೆಯ ಏಕೈಕ ಸಾಕ್ಷಿ. ಹನ್ನೊಂದು ವರ್ಷದವನಿದ್ದಾಗ ದಿಮ್ಮಿಯ ಮೇಲೆ ಅಪ್ಪನ ಪಕ್ಕ ನಿಂತು, ಕೊಯ್ಯುವ ಗೆರೆಗೆ ಕಾವಿ ಹಚ್ಚಿದ ನೂಲು ಹಿಡಿಯುತ್ತಿದ್ದವನು. ಸುಳ್ಳು ಹೇಳಲು ಬಾರದ ಮನುಷ್ಯ. ಸಾಕ್ಷಿಗೆ ಇದಕ್ಕಿಂತ ದೊಡ್ಡ ಕೊರತೆ ಇಲ್ಲ.

“ನಾ ಒಂದೂ ದೀಪಾ ನೋಡಿಲ್ರಿ ಸಾಬ್” ಎಂದ. “ಸಂಜಿ ಮಗ್ರಿಬ್ ನಮಾಜ್ ಆದಕೂಡ್ಲೆ ನಮ್ಮಪ್ಪ ಮಲಗಸ್ತಿದ್ದ. ಅಂಧಾರಾ ಅಂದ್ರ ಅಂಧಾರಾ.”

“ಬರ್ಕೋರಿ ಸಾಹೇಬ್ರ” ಎಂದ ಅಮರನಾಥ ಮೆಲ್ಲಗೆ. “ಅವರ ಸಾಕ್ಷಿನೇ ಹೇಳ್ಯಾನ. ದೀಪಾ ಇಲ್ಲದ ಊರು ಇರ್ತದೇನ್ರಿ? ಹಗಲು ಬಂದು ಕಟಗಿ ಕಡ್ದು ರಾತ್ರಿ ಬ್ಯಾರೆ ಕಡೆ ಹೋಗ್ಯಾರ.”

“ಏ ನಬಿ ಅಣ್ಣಾ!” ಸಾಬಮ್ಮ ಬೇವಿನ ನೆರಳಿನಿಂದಲೇ ಕೂಗಿದಳು. “ಸಾಯೋ ವಯಸ್ಸಿನಾಗರೆ ಒಂದು ಸುಳ್ಳು ಕಲಿ ಮಾರಾಯಾ!”

“ಸಾಬೀ, ನೋಡ್ಲಾರದ್ದು ನೋಡೀನಿ ಅಂತ ಹ್ಯಾಂಗ ಹೇಳ್ಲಿ?”

“ಮ್ಯಾಲ ನಿಂತಾಂವ ನೀ. ನಿನಗ ಮುಗಿಲು ಕಂಡದ, ನೆಲ ಎಲ್ಲಿ ಕಂಡದ?”

ಸನೋಬರ್ ಈ ಮಾತು ಕೇಳುತ್ತ ನಾಲ್ಕು ಹೆಜ್ಜೆ ನಡೆದರು. ಒಂದು ಕಾಲು ಬರಿದು. ಐದನೆಯ ಹೆಜ್ಜೆಗೆ ನಿಂತರು.

ಕಾಲ ಕೆಳಗಿನ ನೆಲ ಬಗ್ಗಿತ್ತು.

ಕೆಂಪು ಮೊರಂ ಮಣ್ಣು ಎಂದರೆ ಹರಳು ಹರಳಾಗಿ ಕಾಲಿಗೆ ಚುಚ್ಚಬೇಕು. ಇದು ಚುಚ್ಚಲಿಲ್ಲ. ಹಳೇ ಗಾದಿಯ ಮೇಲೆ ಕಾಲಿಟ್ಟ ಹಾಗೆ ಒಂದಿಷ್ಟು ಇಳಿದು, ಮತ್ತೆ ಮೆಲ್ಲಗೆ ಎತ್ತಿಕೊಟ್ಟಿತು. ಯಾರೋ ಮಲಗಿದವರು ಮಗ್ಗುಲಾದ ಹಾಗೆ. ಸನೋಬರ್ ಬಲಗಾಲಿನ ಚಪ್ಪಲಿಯನ್ನೂ ಬಿಚ್ಚಿದರು. ಕಣ್ಣು ಮುಚ್ಚಿದರು. ಮೆತ್ತಗಿರುವ ಕಡೆಯೇ ಕಾಲಿಡುತ್ತ ನಡೆದರು. ಒಂದು, ಎರಡು, ಏಳು, ಹನ್ನೆರಡು ಹೆಜ್ಜೆ ಉದ್ದಕ್ಕೆ ಮೆತ್ತಗೆ. ಎಡಕ್ಕೆ ಎರಡು ಹೆಜ್ಜೆ ಸರಿದರೆ ಮತ್ತೆ ಹರಳು.

“ಮೇಡಂ ಏನ್ ಮಾಡ್ಲಾಕತ್ತಾರ?” ಎಂದರು ರಾಮಣ್ಣ.

“ವಾಕಿಂಗ್ರಿ” ಎಂದ ಅಮರನಾಥ. ಆದರೆ ನಗು ಅರ್ಧಕ್ಕೇ ನಿಂತಿತ್ತು.

ಮೆತ್ತನೆಯ ದಾರಿ ಒಂದು ಜಾಲಿಯ ಪೊದೆಗೆ ಬಂದು ಮುಗಿಯಿತು. ಸನೋಬರ್ ಕಣ್ಣು ಬಿಟ್ಟು ಪೊದೆಯನ್ನು ನೋಡಿದರು. ಎಲೆ ಬಾಡಿತ್ತು. ಬೇರಿರಲಿಲ್ಲ. ಕಡಿದ ಕೊಂಬೆಗಳನ್ನು ತಂದು ಯಾರೋ ಒಟ್ಟಿದ್ದರು.

ಕಾಲಿನಿಂದಲೇ ಮಣ್ಣು ಕೆದರಿದರು. ಕೆಂಪು ಪದರ ಒಂದು ಗೇಣು. ಅದರ ಕೆಳಗೆ ಹಳದಿ. ಒಂದು ಹಿಡಿ ತೆಗೆದು ಮೂಸಿದರು. ಎಪ್ಪತ್ತೈದು ಬೇಸಿಗೆ ದಾಟಿದ್ದರೂ ಎಣ್ಣೆಯ, ಚರ್ಮದ, ಹಳೇ ಪೆಟ್ಟಿಗೆಯ ವಾಸನೆ.

“ಸಾಬಮ್ಮಾ, ಇಲ್ಲಿ ಬಾ ಇಲ್ಲಿ.”

ಸಾಬಮ್ಮ ಬಂದು ಹಿಡಿಯನ್ನು ನೋಡಲಿಲ್ಲ. ಮೂಗಿನ ಹೊಳ್ಳೆ ಅರಳಿತು, ಅಷ್ಟೇ.

“ನಮ್ಮಪ್ಪ” ಎಂದಳು. “ಸಂಜಿಗಿ ಮನಿಗಿ ಬಂದ್ರ ಹಿಂಗs ನಾರ್ತಿದ್ದ.”

ನಬಿಸಾಬ್ ಮೊಣಕಾಲೂರಿ ಹೊಟ್ಟು ಮುಟ್ಟಿದ. “ಸಾಗವಾನಿ! ಇದಕ್ಕ ಗೆದ್ದಲ ಮುಟ್ಟಂಗಿಲ್ಲ ಬೇಟಾ. ಇದು ನಮ್ಮ ಕುಣಿ.”

ಎಲ್ಲರೂ ಕೈ ಹಾಕಿ ಕೊಂಬೆ ಸರಿಸಿದರು. ಅಮರನಾಥ ಹಾಕಲಿಲ್ಲ. ಕೆಳಗೆ ಕಲ್ಲಿನ ಮೆಟ್ಟಿಲು, ಆರು. ಕುಣಿಯ ಬಹುಪಾಲು ಹೊಟ್ಟಿನಿಂದ ಹೂತುಹೋಗಿತ್ತು. ಮೆಟ್ಟಿಲ ಕಡೆಯ ತುದಿ ಮಾತ್ರ ಒಂದು ಕೋಣೆಯಷ್ಟು ತೆರವಾಗಿತ್ತು. ಕಲ್ಲು ಕಟ್ಟಿದ ಗೋಡೆಯಲ್ಲಿ ಸಾಲಾಗಿ ಸಣ್ಣ ಸಣ್ಣ ಮಾಡಗಳು, ಅಂಗೈ ಅಗಲದ ಗೂಡುಗಳು. ಪ್ರತಿ ಮಾಡದ ಮೇಲೂ ನಾಲಿಗೆಯಾಕಾರದ ಕಪ್ಪು ಮಸಿ.

ಸನೋಬರ್ ಎಣಿಸಿದರು. ಹನ್ನೊಂದು.

“ಇದೇನಿದು?” ಎಂದರು ರಾಮಣ್ಣ, ಮೆಟ್ಟಿಲ ಮೇಲೆ ಬಗ್ಗಿ.

“ದೀಪದ ಮಾಡಾರಿ” ಎಂದಳು ಸಾಬಮ್ಮ, ಎಲ್ಲರಿಗೂ ಗೊತ್ತಿದ್ದ ಸಂಗತಿಯೆಂಬಂತೆ.

“ಅವ್ವಾ! ದೀಪಾ ಇದ್ದಿಲ್ಲಂತ ನೀನೇ ಹೇಳಿದಿ ನನಗ!” ಎಂದರು ಸನೋಬರ್.

“ಮನ್ಯಾಗ ದೀಪಾ ಇತ್ತೇನು ಅಂತ ಕೇಳಿದಿ ಯವ್ವಾ. ಮನ್ಯಾಗ ಇದ್ದಿಲ್ಲ. ಕುಣ್ಯಾಗ ಇತ್ತೇನು ಅಂತ ಯಾರ್ ಕೇಳಿದ್ರು? ಕುಣಿ ಮಂದಿಗಿ ಯಾರ್ ಏನ್ ಕೇಳ್ತಾರ?”

ಸನೋಬರ್ ಮೂರು ವಾರದಿಂದ ಉರ್ದು ಕಾಗದ ಕೇಳಿದ್ದರು, ಗಂಜಿನ ಕಂಬ ಕೇಳಿದ್ದರು, ನಬಿಸಾಬನನ್ನು ನಾಲ್ಕು ಸಲ ಕೇಳಿದ್ದರು.

ಸಾಬಮ್ಮ ಮೆಟ್ಟಿಲ ಮೇಲೆ ಕೂತಳು. ದನಿ ಸಣ್ಣದಾಯಿತು, ಹಗುರಾಯಿತು.

“ಊರ ತುಂಬ ಹೊಟ್ಟು. ಗುಡಿಸಲದಾಗ ದೀಪಾ ಇಟ್ರ ಊರು ಸುಟ್ಟು ಹೋಗ್ತಿತ್ತು. ನಾ ಹುಟ್ಟೋದ್ರ ಮೊದ್ಲ ಒಂದು ಸಾಲು ಸುಟ್ಟಿತ್ತಂತ. ಅದಕ್ಕs ಮ್ಯಾಲ ಬೆಂಕಿ ಕಡ್ಡೀನೂ ಕೊರಿಯಂಗಿದ್ದಿಲ್ಲ. ಹೊತ್ತು ಮುಣುಗ್ತಿದ್ದಂಗ ಇಲ್ಲಿ ಮೂಲಿಯಾಗಿನ ಹೊಟ್ಟು ಬಳದು, ನೀರು ಚಿಮುಕಿಸಿ, ಮನಿಗೊಂದು ದೀಪಾ ತಂದು ಇಡ್ತಿದ್ರು. ಇಲ್ಲೇ ಒಲಿ, ಇಲ್ಲೇ ಊಟ, ಇಲ್ಲೇ ಹಾಡು. ನಿದ್ದಿ ಬಂದ ಮ್ಯಾಲ ಅಪ್ಪ ಹೆಗಲ ಮ್ಯಾಲ ಹೊತಗೊಂಡು ಮ್ಯಾಲ ಏರ್ತಿದ್ದ. ನಾ ಸಣ್ಣಾಕಿದ್ದಾಗ ಮುಗಿಲಾಗಿನ ಚಿಕ್ಕಿ ಅಂದ್ರ ಇವs ಅಂತ ತಿಳ್ದಿದ್ದೆ. ಹನ್ನೊಂದು ಚಿಕ್ಕಿ.”

ಬಿಸಿಲು ಓರೆಯಾಗಿ ಕುಣಿಯೊಳಗೆ ಇಳಿದಿತ್ತು. ಅದರಲ್ಲಿ ಹೊಟ್ಟಿನ ಕಣಗಳು ಎದ್ದು, ಎಲ್ಲಿಗೂ ಹೋಗುವ ಅವಸರವಿಲ್ಲದೆ ತೇಲುತ್ತಿದ್ದವು. ಒಂದು ಕ್ಷಣ ಸನೋಬರಿಗೆ ಗರಗಸದ ಸದ್ದು ಕೇಳಿದಂತಾಯಿತು. ಸೊರ್. ಬರ್. ಅದು ನಬಿಸಾಬನ ಉಸಿರು.

“ಯಾ ಅಲ್ಲಾ” ಎಂದ ಅವನು. “ಕೆಳಗ ಊಟ ನಡೀತಿತ್ತು. ನಮ್ಮಪ್ಪ ನನಗ ಮಲಗಿಸಿ ಇಲ್ಲಿ ಬರ್ತಿದ್ದ. ನನಗ ಯಾಕ ಕರೀಲಿಲ್ಲ?”

“ನೀ ದಿಮ್ಮಿ ಮ್ಯಾಲಿನ ರಾಜಕುಮಾರ ಇದ್ದಿ” ಎಂದಳು ಸಾಬಮ್ಮ. “ಹೊಟ್ಟು ಕಣ್ಣಾಗ ಬಿದ್ರ ಅಳ್ತಿದ್ದಿ.”

ಸನೋಬರ್ ರಾಮಣ್ಣನ ಕಡೆ ತಿರುಗಿದರು. “ಸಾಹೇಬ್ರ, ಆ ಕಾಗದ ಬರ್ದಾಂವ ಸಂಜಿಗಿ ಬಂದಾನ. ಗುಡ್ಡದ ಮ್ಯಾಲ ನಿಂತಾನ. ದೀಪಾ ಹುಡುಕ್ಯಾನ. ಅದೇ ಹೊತ್ತಿಗಿ ಇಡೀ ಊರು ನೆಲದೊಳಗ ಇಳ್ದು ಊಟಕ್ಕ ಕುಂತದ. ಅಂವ ಕೆಳಗ ಇಳದು ಬಂದಿದ್ರ ಒಂದು ರೊಟ್ಟಿ ಸಿಗ್ತಿತ್ತು. ಇಳೀಲಿಲ್ಲ. ದೀಪಾ ಇಲ್ಲಂತ ಬರ್ದು ಹೋದ.”

ರಾಮಣ್ಣ ಪೆನ್ನಿನ ತುದಿ ಕಚ್ಚಿದರು. “ಹನ್ನೊಂದು ಮಾಡಾ. ಹನ್ನೊಂದು ಮನಿ. ಬರೋಬ್ಬರಿ ಅದ.”

“ಕಟಗಿ ಕಡಿಯಾವ್ರು ಟೈಂಪಾಸಿಗಿ ಮಾಡ್ಯಾರ್ರಿ!” ಎಂದ ಅಮರನಾಥ. “ಈ ಕುಣಿ ನಾವು ಯಾರೂ ನೋಡೇ ಇಲ್ಲ. ಇವತ್ತೇ ನೋಡ್ಲಾಕತ್ತೀವಿ.”

“ನೀವು ಇವತ್ತೇ ನೋಡ್ಲಾಕತ್ತೀರಿ?” ಎಂದು ಕೇಳಿದರು ಸನೋಬರ್.

“ಹೌದ್ರಿ.”

“ಈ ಭೂಮಿ ಯಾವ ಬಣ್ಣ ಅಮರನಾಥ್?”

“ಕೆಂಪು.”

“ನಿಮ್ಮ ಮೊಣಕಾಲು?”

ಅಮರನಾಥ ಬಗ್ಗಿ ನೋಡಿಕೊಂಡ. ಝಾಡಿಸಲು ಕೈ ಹೋಯಿತು. ಝಾಡಿಸಿದರೆ ಒಪ್ಪಿಕೊಂಡಂತೆ ಎಂದು ಹೊಳೆದು ಅಲ್ಲೇ ನಿಂತಿತು.

“ನೀವು ಇವತ್ತು ಬೆಳಿಗ್ಗಿನೇ ಇಲ್ಲಿ ಮೊಣಕಾಲೂರೀರಿ” ಎಂದರು ಸನೋಬರ್. “ಆಮ್ಯಾಲ ಕೊಂಬಿ ಮುಚ್ಚೀರಿ.”

“ಊರು ಇತ್ತಂತಾದ್ರ ನನಗೇನು ಉಳೀತದ ಮೇಡಂ? ನೂರಾ ಎಂಟು ಮಂದಿಗಿ ಪ್ಲಾಟ್ ಕೊಡ್ತೀನಂತ ಮಾತು ಕೊಟ್ಟೀನಿ!”

ಅಷ್ಟರಲ್ಲಿ ಸಾಬಮ್ಮ ಗೋಡೆಯ ಹತ್ತಿರ ಹೋಗಿ ಬೆರಳಿಂದ ಮಾಡಗಳನ್ನು ಎಣಿಸುತ್ತಿದ್ದಳು. ಮೂರನೆಯದಕ್ಕೆ ಬಂದು ಕೈ ಹಿಂದಕ್ಕೆ ಎಳೆದುಕೊಂಡಳು.

“ಯವ್ವಾ ಸನೋಬರ. ಎಣ್ಣಿ.”

ಮೂರನೆಯ ಮಾಡದಲ್ಲಿ ಮಣ್ಣಿನ ಹಣತೆ. ಬತ್ತಿಯ ತುದಿ ಕಪ್ಪು. ಎಣ್ಣೆ ಹಸಿ. ಐದನೆಯದರಲ್ಲೂ ಹಾಗೇ. ಉಳಿದ ಒಂಬತ್ತು ಖಾಲಿ.

“ಮೂರನೇದು ನಮ್ಮ ಮನಿದು” ಎಂದಳು ಸಾಬಮ್ಮ. “ಐದನೇದು ಭಾಗಮ್ಮಂದು. ನನ್ನ ಗೆಳತಿ. ಊರು ಬಿಟ್ಟ ದಿನ ಯಾವ ಬಂಡಿ ಹತ್ತಿದಳೋ ಗೊತ್ತಿಲ್ಲ.”

ಸನೋಬರ್ ಮೆಟ್ಟಿಲು ನೋಡಿದರು. ಧೂಳಿನ ಮೇಲೆ ಊರುಗೋಲಿನ ದುಂಡನೆಯ ಗುರುತು, ಕೆಳಗಿನಿಂದ ಮೇಲಕ್ಕೆ. ನಂತರ ಬೇವಿನ ಮರದ ಕಡೆ ನೋಡಿದರು. ಎಂಜಿನ್ನು ಇನ್ನೂ ಗೊರಕೆ ಹೊಡೆಯುತ್ತಿತ್ತು. ಖಾಲಿ ಕಾರನ್ನು ಯಾರೂ ಮಧ್ಯಾಹ್ನವೆಲ್ಲ ತಂಪು ಮಾಡಿ ಇಡುವುದಿಲ್ಲ.

“ಅಮರನಾಥ್, ಕಾರಿನಾಗ ಯಾರದಾರ?”

ಉತ್ತರ ಕಾರೇ ಕೊಟ್ಟಿತು. ಕಪ್ಪು ಗಾಜು ನಾಲ್ಕು ಬೆರಳು ಇಳಿಯಿತು. ಸುಕ್ಕುಗಟ್ಟಿದ ಒಂದು ಕೈ ಹೊರಗೆ ಬಂತು, ಹಸಿರು ಬಳೆ.

“ಸಾಬೀ!” ಎಂದಿತು ಒಳಗಿನ ದನಿ. “ನಮ್ಮ ಮಾಡದಾಗ ಎಣ್ಣಿ ಸಾಲ್ತದೇನು ನೋಡ.”

ಸಾಬಮ್ಮ ಓಡಿದಳು. ಎಂಬತ್ನಾಲ್ಕಕ್ಕೆ ಓಡುವುದನ್ನು ಓಟ ಎನ್ನುವುದಾದರೆ, ಅದು ಓಟವೇ.

“ನಮ್ಮವ್ವರಿ” ಎಂದ ಅಮರನಾಥ, ಯಾರ ಮುಖವನ್ನೂ ನೋಡದೆ. “ಜಾಗಾ ತೋರಸ್ಲಾಕ ಎಂಟು ದಿನದ ಹಿಂದ ಕರ್ಕೊಂಡು ಬಂದೆ. ಇಳದಾಕಿ ಮತ್ತ ಕಾರು ಹತ್ತವಲ್ಲಳು. ಆ ಶೆಡ್ಡಿನಾಗೇ ಇರ್ತಾಳ. ದಿನಾ ಈ ಕುಣಿಗಿ ನಾನೇ ಹೊತಗೊಂಡು ಇಳಸ್ಬೇಕು, ಏರೋದು ಮಾತ್ರ ಕೋಲು ಹಿಡ್ದು ತಾನೇ ಏರ್ತಾಳ. ಇವತ್ತು ನೀವು ಬರ್ತೀರಂತ ಹ್ಯಾಂಗೋ ಒಪ್ಪಿಸಿ ಕಾರಿನಾಗ ಕುಂದರ್ಸಿನಿ.”

ಊರೇ ಇರಲಿಲ್ಲ ಎಂದು ತಕರಾರು ಬರೆದ ಮಗ, ದಿನಾ ಸಂಜೆ ತಾಯಿಯನ್ನು ಅದೇ ಊರಿಗೆ ಹೊತ್ತು ಇಳಿಸುತ್ತಿದ್ದ.

ರಾಮಣ್ಣ ಚುರುಕಾದರು. ಕುರ್ಚಿ ಎಳೆದು, ಕಾಗದ ಹರಡಿ, ಬರೆಯತೊಡಗಿದರು. ಕುಣಿ ಒಂದು. ಮೆಟ್ಟಿಲು ಆರು. ಮಾಡ ಹನ್ನೊಂದು. ಮಸಿ ಉಂಟು. ಜನವಸತಿಯ ಕುರುಹು ಸ್ಪಷ್ಟ. ಓದಿ ಹೇಳಿದಾಗ ನಬಿಸಾಬ್ ಅತ್ತ. ಸೂರ್ಯ ಗುಡ್ಡದ ನೆತ್ತಿಗೆ ಗಲ್ಲ ಊರಿ ಕೇಳುತ್ತಿದ್ದ.

“ಈಗ ಪಂಚರ ಸಹಿ” ಎಂದರು ರಾಮಣ್ಣ. “ಇಬ್ಬರು.”

“ನಾ ಹಾಕ್ತೀನ್ರಿ” ಎಂದ ನಬಿಸಾಬ್.

“ನೀವು ಇರೋದು ಕಲಬುರಗಿ. ಸಾಬಮ್ಮ ಅರ್ಜಿದಾರಳು. ಈ ಫಾರ್ಮಿಗಿ ಇದೇ ಊರಾಗ ವಾಸ ಇರೋ ಪಂಚರು ಬೇಕು.”

“ಊರು ಬೇಚಿರಾಗ್ ಅಂತ ನಿಮ್ಮ ಕಾಗದೇ ಹೇಳ್ತದಲ್ರಿ!” ಸನೋಬರ್ ದನಿ ಏರಿತು. “ಊರಾಗ ಯಾರೂ ಇಲ್ಲ ಅನ್ನೋದು ತಪ್ಪು ಅಂತ ಬರೀಲಾಕ, ಊರಾಗ ಇರಾವ್ರೇ ಸಹಿ ಹಾಕ್ಬೇಕೇನು?”

“ಹೌದ್ರಿ. ನಾ ಮಾಡಿದ ಫಾರ್ಮ್ ಅಲ್ಲ ಅದು.”

ಪಂಚರಿಲ್ಲದೆ ಪಂಚನಾಮೆ ಪಂಚರ್ ಆಗುವ ಹೊತ್ತಿಗೆ ಸನೋಬರ್ ಕಾರಿನ ಕಡೆ ಬೆರಳು ಮಾಡಿದರು. “ಭಾಗಮ್ಮ! ಎಂಟು ದಿನದಿಂದ ಇಲ್ಲೇ ಇದ್ದಾಳ. ದೀಪಾ ಹಚ್ಚ್ಯಾಳ.”

ರಾಮಣ್ಣ ಯೋಚಿಸಿದರು. “ಒಲಿ ಹಚ್ಚೀರೇನವ್ವಾ?”

“ಚಹಾಕ್ಕ ಹಚ್ಚೀನಿ” ಎಂದಿತು ಕಾರು.

“ಕೇಸಿನಾಗ ಮಗ ಪಾರ್ಟಿ, ತಾಯಿ ಅಲ್ಲ. ನಡೀತದ. ಒಬ್ಬರಾದ್ರು. ಇನ್ನೊಬ್ಬರು?”

“ಎರಡು ದೀಪಾ ಹಚ್ಚಿದಾಕಿಗಿ ಎರಡು ಸಹಿ ಕೊಡ್ರಿ” ಎಂದ ನಬಿಸಾಬ್.

ಭಾಗಮ್ಮ ಬಾಗಿಲು ತೆರೆದು, ಊರುಗೋಲು ನೆಲಕ್ಕೆ ಇಟ್ಟಳು. ಸಾಬಮ್ಮನ ಕೈ ಅವಳ ಕೈಯಲ್ಲಿತ್ತು.

“ಎರಡಲ್ಲಪಾ” ಎಂದಳು. “ನಾ ಹಚ್ಚಿದ್ದು ನಮ್ದೊಂದೇ. ಮೊದಲನೇ ದಿನ ನನ್ನ ಮಗ ಹೊಟ್ಟು ಸರಸಿ ನನಗ ಕೆಳಗ ಇಳಿಸಿದಾಗ, ಸಾಬಿ ಮಾಡದಾಗ ದೀಪಾ ಉರೀಲಾಕತ್ತಿತ್ತು. ಅದಕ್ಕ ಎಣ್ಣಿ ನಾ ಇವತ್ತಿಗೂ ಹಾಕಿಲ್ಲ.”

ಸಾಬಮ್ಮ ಕೈ ಬಿಡಿಸಿಕೊಂಡಳು. ಅಮರನಾಥನ ಮುಖ ನಿಜವಾಗಿಯೂ ಬಿಳಿಚಿತ್ತು. ಎರಡೂ ದೀಪ ಅವ್ವನೇ ಹಚ್ಚಿದ್ದೆಂದು ಅವನೂ ತಿಳಿದಿದ್ದ. ಸನೋಬರ್ ಬಯಲು ನೋಡಿದರು. ಮೂವತ್ತು ಎಕರೆ. ಒಂದು ಶೆಡ್ಡು, ಒಂದು ಮರ, ಮತ್ತೆಲ್ಲೂ ಏನೂ ಇಲ್ಲ.

“ಅಂದ್ರ ಈ ಊರಾಗ ಇನ್ನೊಬ್ಬರು ಅದಾರ” ಎಂದರು.

“ಇರಬಹುದ್ರಿ” ಎಂದರು ರಾಮಣ್ಣ, ಪೆನ್ನಿನ ಟೊಪ್ಪಿಗೆ ಮುಚ್ಚುತ್ತ. “ಆದ್ರ ಕಾಣದವರ ಸಹಿ ಹ್ಯಾಂಗ ತಗೊಳ್ಲಿ? ಹೊತ್ತು ಮುಣುಗ್ತು.”

ಎಪ್ಪತ್ತೈದು ವರ್ಷದ ಮೇಲೆ ಲಕಡಿಪೇಟದ ಜನಸಂಖ್ಯೆ ಸೊನ್ನೆಯಿಂದ ಒಂದಕ್ಕೆ ಏರಿತ್ತು. ಫಾರ್ಮಿಗೆ ಇಬ್ಬರು ಬೇಕಿತ್ತು.